ಮೇಯರ್ ಕುರ್ಚಿ: ಬಳಕೆದಾರರ ಕೈಪಿಡಿ

ಹನ್ನೆರಡು ತಿಂಗಳ ಮಾದರಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಉಮೇದುವಾರರಿಗಾಗಿ.

ಬಸ್ ಸ್ಟ್ಯಾಂಡ್ ಎದುರಿನ ಫ್ಲೆಕ್ಸಿನಲ್ಲಿ ಒಮ್ಮೆಯಾದರೂ ಮೊಬೈಲು ಕಿವಿಗಿಟ್ಟುಕೊಂಡು ‘ಯುವ ಮುಖಂಡರು’ ಎಂದು ಕಾಣಿಸಿಕೊಂಡವರು, ಶಾಸಕರ ಹುಟ್ಟುಹಬ್ಬಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಹಾಲು-ಬ್ರೆಡ್ ಹಂಚಿ ಫೋಟೊ ತೆಗೆಸಿಕೊಂಡವರು, ಗಣಪತಿ ಪೆಂಡಾಲಿನ ಅಧ್ಯಕ್ಷರಾಗಿ ಲೆಕ್ಕ ಕೊಡದೆ ಪಾರಾದವರು ಈ ಕೈಪಿಡಿಯ ಮೊದಲ ಭಾಗ ಬಿಟ್ಟು ಮುಂದೆ ಹೋಗಬಹುದು. ಅವರಿಗೆ ತರಬೇತಿ ಆಗಿದೆ. ಉಳಿದವರು ಸಾವಧಾನವಾಗಿ ಓದಿ. ಮಕ್ಕಳ ಕೈಗೆ ಸಿಗದಂತೆ ಇಡಿ. ಮಕ್ಕಳು ಇದನ್ನು ಓದಿದರೆ ಐಎಎಸ್ ಪರೀಕ್ಷೆಗೆ ಕೂರುವ ಅಪಾಯವಿದೆ. ಯಾಕೆಂಬುದು ಮುಂದೆ ಗೊತ್ತಾಗುತ್ತದೆ.

ಪೆಟ್ಟಿಗೆ ಒಡೆಯುವ ಮುನ್ನ

ಮೊದಲ ಎಚ್ಚರಿಕೆ: ಈ ಕುರ್ಚಿ ನಿಮ್ಮ ಊರಿನಲ್ಲಿ ನಡೆಯುವುದಿಲ್ಲ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ ಲೆಕ್ಕದಲ್ಲಿ ಒಂದು ಊರು ಮಹಾನಗರ ಪಾಲಿಕೆ ಅನ್ನಿಸಿಕೊಳ್ಳಬೇಕಾದರೆ ಮೂರು ಲಕ್ಷ ಜನ ಬೇಕು. 2011ರ ಜನಗಣತಿಯಂತೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಪಟ್ಟಣಗಳು ನಾಲ್ಕೂ ಸೇರಿ ಒಂದು ಲಕ್ಷ ಮುಟ್ಟುವುದಿಲ್ಲ. ತುಮ್ಕೋಸ್‌ಗೆ ಅಡಿಕೆ ಹಾಕಲು ಬಂದವರನ್ನೂ, ಸೂಳೆಕೆರೆ ಏರಿ ನೋಡಲು ಬಂದವರನ್ನೂ ಎಣಿಸಿಕೊಂಡರೂ ಮುಟ್ಟುವುದಿಲ್ಲ. ಹಾಗಾಗಿ ನೀವು ದಾವಣಗೆರೆ ಬಸ್ ಹತ್ತಲೇಬೇಕು.

ದಾರಿ ಹೊಸದೇನಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು. ಚನ್ನಗಿರಿ, ಹೊನ್ನಾಳಿಯವರನ್ನು ಶಿವಮೊಗ್ಗದಿಂದಲೂ ಜಗಳೂರಿನವರನ್ನು ಚಿತ್ರದುರ್ಗದಿಂದಲೂ ಬಿಡಿಸಿ ತಂದು ಇಲ್ಲಿಗೆ ಹಚ್ಚಿದವರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು. ನ್ಯಾಮತಿ ಆಗ ಹೊನ್ನಾಳಿಯ ಹೊಟ್ಟೆಯೊಳಗೇ ಇತ್ತು. ಬೇರೆ ತಾಲ್ಲೂಕಾಗಿದ್ದು 2018ರಲ್ಲಿ. ದಾವಣಗೆರೆ ಮಹಾನಗರ ಪಾಲಿಕೆಯಾಗಿದ್ದು 2007ರಲ್ಲಿ. ಅಂದಿನಿಂದ ನಮ್ಮ ಜಿಲ್ಲೆಗೂ ಒಂದು ಮೇಯರ್ ಕುರ್ಚಿ.

ಎರಡನೇ ಎಚ್ಚರಿಕೆ, ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ನಿಮ್ಮ ಊರಿನ ಪಟ್ಟಣ ಪಂಚಾಯಿತಿ ಅಥವಾ ಪುರಸಭೆ ಅಧ್ಯಕ್ಷರ ಅವಧಿ ಮೂವತ್ತು ತಿಂಗಳು. ದಾವಣಗೆರೆ ಮೇಯರ್ ಅವಧಿ ಹನ್ನೆರಡು ತಿಂಗಳು. ಜಗಳೂರಿನಲ್ಲಿ ಎರಡೂವರೆ ವರ್ಷ ಕೂರುವ ಬದಲು ದಾವಣಗೆರೆಯಲ್ಲಿ ಒಂದು ವರ್ಷ ಕೂರುವುದಕ್ಕೆ ಹತ್ತು ಪಟ್ಟು ಖರ್ಚು ಮಾಡುವವನಿಗೆ ಅಡಿಕೆ ಚೇಣಿ ಹಿಡಿದವನು ಬುದ್ಧಿವಂತ ಅನ್ನುವುದಿಲ್ಲ. ಆದರೆ ಚೇಣಿದಾರನಿಗೆ ಗೌನು, ಸರ ಕೊಡುವವರು ಯಾರೂ ಇಲ್ಲವಲ್ಲ!

ಊರಿನ ಮೂವತ್ತು ತಿಂಗಳೂ ಕಾಗದದ ಮೇಲಿನ ಮಾತು ಅನ್ನುವುದನ್ನು ನ್ಯಾಯಕ್ಕಾಗಿ ಹೇಳಬೇಕು. 2018ರಲ್ಲಿ ಆಯ್ಕೆಯಾದ ರಾಜ್ಯದ ಎಷ್ಟೋ ಪುರಸಭೆ, ಪಟ್ಟಣ ಪಂಚಾಯಿತಿಗಳ ಸದಸ್ಯರು ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿನಲ್ಲಿದ್ದುದರಿಂದ 2020ರ ಕೊನೆಯವರೆಗೆ ಸದಸ್ಯರೇ ಆಗಿದ್ದರು. ಗೆದ್ದ ಹಾರ ಒಣಗಿ ಉದುರಿದರೂ ಅಧಿಕಾರ ಬರಲಿಲ್ಲ. ಮೊದಲ ಅವಧಿ 2023ರಲ್ಲಿ ಮುಗಿದ ಮೇಲೆ ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದಿದ್ದು 2024ರ ಆಗಸ್ಟ್‌ನಲ್ಲಿ. ನಡುವೆ ಊರಿನ ಕುರ್ಚಿಯಲ್ಲಿ ಅಧಿಕಾರಿಗಳಿದ್ದರು. ಜನ ವ್ಯತ್ಯಾಸ ಗುರುತಿಸಿದರೇ ಅನ್ನುವುದು ನಿಮ್ಮ ಊರಿನವರನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಜೋಡಣೆ

ಇಪ್ಪತ್ತೊಂದು ವರ್ಷ ತುಂಬಿರಬೇಕು, ದಾವಣಗೆರೆಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ನಿಟುವಳ್ಳಿಯಲ್ಲೋ ವಿನೋಬನಗರದಲ್ಲೋ ಒಂದು ಬಾಡಿಗೆ ಮನೆ ಹಿಡಿಯಿರಿ. ಯಾವ ವಾರ್ಡ್ ಯಾವ ವರ್ಗಕ್ಕೆ ಮೀಸಲಾಗುತ್ತದೋ ಗೊತ್ತಾಗುವ ಮೊದಲು ಮುಂಗಡ ಕೊಡಬೇಡಿ. ವಾರ್ಡ್ ಮಹಿಳೆಗೆ ಬಂದರೆ ಗಾಬರಿಯಾಗಬೇಡಿ. ಮನೆಯವರ ಹೆಸರಿನಲ್ಲಿ ನಾಮಪತ್ರ ಹಾಕಿಸಿ, ಫ್ಲೆಕ್ಸಿನಲ್ಲಿ ಅವರ ಫೋಟೊ ಚಿಕ್ಕದು, ನಿಮ್ಮದು ದೊಡ್ಡದು ಮಾಡಿಸುವ ಪದ್ಧತಿ ನಮ್ಮ ಕಡೆ ಬಹಳ ದಿನದಿಂದ ಇದೆ. ಆದರೆ ಈ ಪದ್ಧತಿ ಎಲ್ಲ ಕಡೆ ನಡೆಯುವುದಿಲ್ಲ. ಬಳ್ಳಾರಿಯಲ್ಲಿ 2023ರ ಮಾರ್ಚ್‌ನಲ್ಲಿ ಡಿ. ತ್ರಿವೇಣಿ ಇಪ್ಪತ್ತಮೂರನೇ ವಯಸ್ಸಿಗೆ ಮೇಯರ್ ಆದರು. ಅವರ ತಾಯಿಯೂ ಅದೇ ಊರಿನ ಮಾಜಿ ಮೇಯರ್. ಆ ಮನೆಯ ಫ್ಲೆಕ್ಸಿನಲ್ಲಿ ಯಾರ ಫೋಟೊ ದೊಡ್ಡದೆಂದು ಯಜಮಾನರು ನಿರ್ಧರಿಸುವ ಹಾಗಿಲ್ಲ.

ನಾಮಪತ್ರದ ಜತೆ ಆಸ್ತಿ ಪ್ರಮಾಣಪತ್ರ ಬರೆಯಬೇಕು. ಇಲ್ಲಿ ಅವಸರ ಬೇಡ. ನಮ್ಮಲ್ಲಿ ಬಹಳ ಜನ ಇದನ್ನು ಮದುವೆ ಲಗ್ನಪತ್ರಿಕೆಯಲ್ಲಿ ‘ಬಂಧು ಮಿತ್ರರು’ ಎಂದು ಒಟ್ಟಾರೆ ಬರೆದುಬಿಡುವಂತೆ ಬರೆಯುತ್ತಾರೆ. ಮೈಸೂರಿನ ರುಕ್ಮಿಣಿ ಮಾದೇಗೌಡರ ಪ್ರಕರಣ ಗೋಡೆಗೆ ಅಂಟಿಸಿಕೊಳ್ಳಿ. 2018ರ ಪಾಲಿಕೆ ಚುನಾವಣೆಯಲ್ಲಿ ಜೆಡಿಎಸ್‌ನಿಂದ ಗೆದ್ದರು. ಆಸ್ತಿ ವಿವರ ಮುಚ್ಚಿಟ್ಟರೆಂದು ಸೋತ ಅಭ್ಯರ್ಥಿ ಕೋರ್ಟಿಗೆ ಹೋದರು. ಪ್ರಕರಣ ನಡೆಯುತ್ತಿರುವಾಗಲೇ, 2021ರ ಫೆಬ್ರುವರಿ 24ರಂದು, ಕೊನೇ ಗಳಿಗೆಯಲ್ಲಿ ಕಾಂಗ್ರೆಸ್ ಸದಸ್ಯರ ಮತವೂ ಬಿದ್ದು ರುಕ್ಮಿಣಿ ಮೇಯರ್ ಆದರು. ಆ ಮತಕ್ಕಾಗಿ ಕಾಂಗ್ರೆಸ್ಸಿನೊಳಗೆ ಎದ್ದ ಜಗಳ ಬೇರೆಯೇ ಒಂದು ಕತೆ. ಮೇಯರ್ ಒಂದು ಪಕ್ಷದವರು, ಮುನಿಸು ಇನ್ನೊಂದು ಪಕ್ಷದಲ್ಲಿ. ಕೆಳಗಿನ ಕೋರ್ಟ್ ಅವರ ಸದಸ್ಯತ್ವ ರದ್ದು ಮಾಡಿದ್ದನ್ನು ಮೇ 26ಕ್ಕೆ ಹೈಕೋರ್ಟ್ ಎತ್ತಿಹಿಡಿಯಿತು. ಸದಸ್ಯತ್ವ ಹೋದ ಮೇಲೆ ಮೇಯರ್ ಗಿರಿ ಎಲ್ಲಿ? ಒಟ್ಟು ಮೂರು ತಿಂಗಳು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲೂ ಅದೇ ತೀರ್ಪು. ಆ ಖಾಲಿ ಕುರ್ಚಿಗೆ 2021ರ ಆಗಸ್ಟ್‌ನಲ್ಲಿ ಸುನಂದಾ ಪಾಲನೇತ್ರ ಬಂದರು, ಮೈಸೂರಿಗೆ ಬಿಜೆಪಿಯ ಮೊದಲ ಮೇಯರ್ ಆಗಿ. ಒಂದು ಕಾಲಂ ಸರಿಯಾಗಿ ತುಂಬದಿದ್ದರೆ ನೀವು ಬರೀ ಕುರ್ಚಿ ಕಳೆದುಕೊಳ್ಳುವುದಿಲ್ಲ, ಎದುರು ಪಕ್ಷಕ್ಕೆ ಚರಿತ್ರೆ ನಿರ್ಮಿಸಿ ಕೊಡುತ್ತೀರಿ.

ಕೂಡುವ, ಕಳೆಯುವ ಲೆಕ್ಕ

ಇದು ಕೈಪಿಡಿಯ ಮುಖ್ಯ ಭಾಗ. ಪೆನ್ನು, ಕಾಗದ ಇಟ್ಟುಕೊಂಡು ಓದಿ.

ಊರಿನ ಶಾಲೆಯಲ್ಲಿ ನಿಮಗೆ ಹೇಳಿಕೊಟ್ಟಿದ್ದು ಹೆಚ್ಚು ಗೆದ್ದವನೇ ಗೆದ್ದವನು ಎಂದು. ಅದನ್ನು ಮರೆಯಿರಿ. 2015ರ ಆಗಸ್ಟ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡಿಗೆ ಚುನಾವಣೆ ಆಯಿತು. ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14, ಉಳಿದವರು 8. ಸರಳ ಬಹುಮತ ಯಾರಿಗೆ? ಬಿಜೆಪಿಗೆ. ಮೇಯರ್ ಯಾರು? ಕಾಂಗ್ರೆಸ್ಸಿನ ಬಿ.ಎನ್. ಮಂಜುನಾಥ ರೆಡ್ಡಿ. ಸೆಪ್ಟೆಂಬರ್ 11ರಂದು ಅವರಿಗೆ ಬಿದ್ದ ಮತ 131, ಬಿಜೆಪಿ ಅಭ್ಯರ್ಥಿಗೆ 128.

ಈಗ 131ಕ್ಕೆ 128 ಕೂಡಿಸಿ. 259. ವಾರ್ಡು 198. ಉಳಿದ 61 ಮತ ಎಲ್ಲಿಂದ ಬಂದವು?

ಇಲ್ಲಿಯೇ ಈ ಯಂತ್ರದ ಗುಟ್ಟು ಇರುವುದು. ಮೇಯರನ್ನು ಆರಿಸುವಾಗ ವಾರ್ಡಿನ ಸದಸ್ಯರ ಜತೆಗೆ ಆ ನಗರದ ಶಾಸಕರು, ಸಂಸದರು ಕೈ ಎತ್ತುತ್ತಾರೆ. ಅಷ್ಟೇ ಆಗಿದ್ದರೆ ಲೆಕ್ಕ ಸುಲಭವಿತ್ತು. ಆ ನಗರದ ಮತದಾರರ ಪಟ್ಟಿಯಲ್ಲಿ ಹೆಸರಿರುವ ರಾಜ್ಯಸಭಾ ಸದಸ್ಯರೂ ವಿಧಾನ ಪರಿಷತ್ ಸದಸ್ಯರೂ ಕೈ ಎತ್ತಬಹುದು. ಅಂದರೆ ಮೇಯರ್ ಆಗಬೇಕಾದರೆ ವಾರ್ಡಿನ ಮತದಾರನ ಮನೆ ಬಾಗಿಲಿಗೆ ಹೋಗಿದ್ದು ಸಾಲದು. ಪರಿಷತ್ ಸದಸ್ಯರೇ ನಿಮ್ಮ ಊರಿಗೆ ಮನೆ ಮಾಡಿಕೊಂಡು ಬರುವ ಹಾಗೆ ನೋಡಿಕೊಳ್ಳಬೇಕು. 2016ರಲ್ಲಿ ಬಿಜೆಪಿ ದೂರಿದ್ದು ಇದನ್ನೇ: ಬೇರೆ ಜಿಲ್ಲೆಯಲ್ಲಿದ್ದ ಕಾಂಗ್ರೆಸ್, ಜೆಡಿಎಸ್ ಪರಿಷತ್ ಸದಸ್ಯರು ಊರಿನಿಂದ ಬರುವುದಾಗಿ ಹೇಳಿ ಪ್ರಯಾಣ ಭತ್ಯೆ ಪಡೆಯುತ್ತಲೇ ಮೇಯರ್ ಚುನಾವಣೆಗೆ ಬೆಂಗಳೂರಿನ ವಿಳಾಸ ಕೊಟ್ಟಿದ್ದಾರೆ ಎಂದು.

ಈಗ ದಾವಣಗೆರೆಗೆ ಬನ್ನಿ. 2019ರ ನವೆಂಬರ್ ಚುನಾವಣೆ, 45 ವಾರ್ಡು. ಕಾಂಗ್ರೆಸ್ 22, ಬಿಜೆಪಿ 17, ಪಕ್ಷೇತರರು 5, ಜೆಡಿಎಸ್ 1. ಕಾಂಗ್ರೆಸ್ ಸಾಮಾನ್ಯ ಬಹುಮತಕ್ಕೆ ಒಂದೇ ಒಂದು ಸ್ಥಾನ ದೂರ. 2020ರ ಫೆಬ್ರುವರಿಯಲ್ಲಿ ಮೇಯರ್ ಆದವರು ಬಿಜೆಪಿಯ ಬಿ.ಜಿ. ಅಜಯ್‌ಕುಮಾರ್. ಈ ಸಲ ದೂರು ಹೇಳುವ ಸರದಿ ಕಾಂಗ್ರೆಸ್ಸಿನದು: ಹೊರಗಿನ ಬಿಜೆಪಿ ಪರಿಷತ್ ಸದಸ್ಯರ ಹೆಸರು ದಾವಣಗೆರೆ ಮತದಾರರ ಪಟ್ಟಿಗೆ ಹೇಗೆ ಬಂತು? ಬೆಂಗಳೂರಿನಲ್ಲಿ ಕಾಂಗ್ರೆಸ್ ಬರೆದ ನಾಟಕದ ಪ್ರತಿಯನ್ನೇ ಬಿಜೆಪಿ ನಮ್ಮೂರಿನಲ್ಲಿ ಆಡಿತು, ಪಾತ್ರಧಾರಿಗಳು ಮಾತ್ರ ಬೇರೆ. ಎರಡು ಪಕ್ಷದವರೂ ಎರಡು ಊರಿನಲ್ಲಿ ಎರಡು ಬಗೆಯಾಗಿ ಸಿಟ್ಟಾಗಿದ್ದಕ್ಕೆ ನನ್ನ ತಕರಾರೇನಿಲ್ಲ. ಜಗಳೂರಿನಿಂದ ದುಡಿಯಲು ಬಂದು ಹತ್ತು ವರ್ಷದಿಂದ ನಿಟುವಳ್ಳಿಯಲ್ಲಿರುವ ಹಮಾಲಿಗೆ ಬಾಡಿಗೆ ಕರಾರುಪತ್ರ ಇಲ್ಲವೆಂದು ಪಟ್ಟಿಗೆ ಹೆಸರು ಸೇರಿಸಲು ಅಲೆದಾಡಿಸುವ ವ್ಯವಸ್ಥೆ ಪರಿಷತ್ ಸದಸ್ಯರ ವಿಳಾಸದ ವಿಷಯದಲ್ಲಿ ಎಷ್ಟೊಂದು ಮುತುವರ್ಜಿ ತೋರಿಸುತ್ತದೆ ಅನ್ನುವುದಷ್ಟೇ ಗಮನಿಸಬೇಕಾದ್ದು.

ಪಕ್ಷೇತರ ಸದಸ್ಯರ ಸಂರಕ್ಷಣೆ: ಇವರನ್ನು ತಂಪಾದ, ಒಣ ಜಾಗದಲ್ಲಿಡಿ. 2015ರಲ್ಲಿ ಬೆಂಗಳೂರಿನ ಪಕ್ಷೇತರರನ್ನು ಕೇರಳದ ರೆಸಾರ್ಟಿಗೆ ಕರೆದೊಯ್ದಿದ್ದರು. ನಮ್ಮ ಜಿಲ್ಲೆಯವರಿಗೆ ಇದು ಕಷ್ಟದ ಕೆಲಸ. ಮಂಡಕ್ಕಿ ಮಿರ್ಚಿ ಇಲ್ಲದೆ ಸಂಜೆ ಕಳೆಯುವ ಅಭ್ಯಾಸ ಯಾರಿಗೂ ಇಲ್ಲ. ಚುನಾವಣೆ ದಿನ ಬೆಳಿಗ್ಗೆ ಪರದೆ ಎಳೆದ ಬಸ್ಸೊಂದು ಪಾಲಿಕೆ ಗೇಟಿನೊಳಗೆ ಬರುತ್ತದೆ. ಇಳಿಯುವವರ ಎರಡೂ ಪಕ್ಕದಲ್ಲಿ ಮುಖಂಡರು, ಮೊಬೈಲು ಯಾರ ಕೈಯಲ್ಲೂ ಇಲ್ಲ, ಎಲ್ಲರೂ ಒಂದೇ ಬಣ್ಣದ ಶಾಲು. ಸಭಾಂಗಣದಲ್ಲಿ ಪ್ರಾದೇಶಿಕ ಆಯುಕ್ತರು ಹೆಸರು ಓದುತ್ತಾರೆ, ‘ಪರವಾಗಿರುವವರು ಕೈ ಎತ್ತಿ’ ಅನ್ನುತ್ತಾರೆ. ಗುಪ್ತ ಮತದಾನವಲ್ಲ. ಕೈ ಎತ್ತುವವನು ಎತ್ತುವ ಮುನ್ನ ಯಾರ ಮುಖ ನೋಡುತ್ತಾನೆ ಅನ್ನುವುದನ್ನು ಗಮನಿಸಿ, ಅವನ ರಾಜಕೀಯ ಭವಿಷ್ಯ ಅಲ್ಲಿಯೇ ಗೊತ್ತಾಗುತ್ತದೆ.

ಮೀಸಲಾತಿ ಚಕ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸರ್ಕಾರ ಪಟ್ಟಿ ಹೊರಡಿಸುತ್ತದೆ, ಅನ್ಯಾಯವಾಯಿತೆಂದು ಒಬ್ಬರು ಕೋರ್ಟಿಗೆ ಹೋಗುತ್ತಾರೆ, ತಡೆ ಸಿಗುತ್ತದೆ, ತಡೆ ತೆರವಾಗುವಾಗ ಚಕ್ರ ಇನ್ನೊಂದು ಸುತ್ತು ಹೋಗಿರುತ್ತದೆ. ನಿಮ್ಮ ವರ್ಗಕ್ಕೆ ಸರದಿ ಬಂದ ವರ್ಷ ನೀವು ಗೆದ್ದಿರಬೇಕು, ಗೆದ್ದ ವರ್ಷ ನಿಮ್ಮ ಪಕ್ಷಕ್ಕೆ ಕೈಗಳಿರಬೇಕು, ಕೈಗಳಿರುವ ವರ್ಷ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಿಮ್ಮ ಮೇಲೆ ಸಿಟ್ಟಿರಬಾರದು.

ಜತೆಗೆ ಬರುವ ಸಾಮಾನು

ಒಂದು ಗೌನು, ಒಂದು ಸರ, ಒಂದು ಕಾರು. ಗೌನು ಬ್ರಿಟಿಷರ ಕಾಲದ್ದು, ನಮ್ಮ ಏಪ್ರಿಲ್ ಬಿಸಿಲಿಗೆ ಹೇಳಿ ಮಾಡಿಸಿದ್ದಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ 2022ರಲ್ಲಿ ಮೇಯರ್ ಆದ ಈರೇಶ ಅಂಚಟಗೇರಿ ಗುಲಾಮಗಿರಿಯ ಗುರುತು ಬೇಡವೆಂದು ಗೌನನ್ನೇ ತೊಡಲಿಲ್ಲ. ಒಳ್ಳೆಯ ನಿರ್ಧಾರ. ಆದರೆ ಬ್ರಿಟಿಷರಿಂದ ಬಂದಿದ್ದು ಗೌನೊಂದೇ ಅಲ್ಲ. ಆರಿಸಿ ಬಂದವನ ಕೈಗೆ ಸರ ಕೊಟ್ಟು ಅಧಿಕಾರವನ್ನು ಸರ್ಕಾರದ ಅಧಿಕಾರಿಯ ಕೈಯಲ್ಲಿಡುವ ಉಪಾಯವೂ ಅವರದೇ. ಅದನ್ನು ಬಿಚ್ಚಿಡುವ ಮೇಯರ್ ಇನ್ನೂ ಬರಬೇಕಾಗಿದೆ.

ಮೈಸೂರಿನಲ್ಲಿ ಹೆಚ್ಚುವರಿ ಸೌಲಭ್ಯವಿದೆ: ಜಂಬೂ ಸವಾರಿಯಲ್ಲಿ ಮೇಯರ್ ಕುದುರೆ ಏರಿ ಸಾಗುವ ವಾಡಿಕೆ. ಆಯ್ಕೆಯಾದವರು ದಸರಾಕ್ಕೆ ಮುಂಚೆ ಸವಾರಿ ಕಲಿಯಲು ಹೋಗುತ್ತಾರೆ. ರಾಜ್ಯದ ಯಾವುದೇ ಮೇಯರ್ ತನ್ನ ಅವಧಿಯಲ್ಲಿ ಲಗಾಮು ತಾನೇ ಹಿಡಿಯುವ ಸಂದರ್ಭ ಇದೊಂದೇ ಇರಬಹುದು.

ಗುಂಡಿಗಳ ವಿವರ

ಕುರ್ಚಿಯ ಮುಂದಿನ ಮೇಜಿನ ಮೇಲೆ ಗಂಟೆ ಇರುತ್ತದೆ. ಅದು ಕೆಲಸ ಮಾಡುತ್ತದೆ. ಬೇರೆಯವುಗಳ ಬಗ್ಗೆ ಖಾತರಿಯಿಲ್ಲ.

ಮೇಯರ್ ಪಾಲಿಕೆ ಸಭೆಯ ಅಧ್ಯಕ್ಷತೆ ವಹಿಸುತ್ತಾರೆ. ಕಾರ್ಯಾಂಗದ ಅಧಿಕಾರ ಆಯುಕ್ತರದು. ಆಯುಕ್ತರನ್ನು ಕಳಿಸುವುದು, ವಾಪಸ್ ಕರೆಸುವುದು ಬೆಂಗಳೂರಿನ ಸರ್ಕಾರ. ಬಜೆಟ್ ಮಂಡಿಸುವ ಭಾಗ್ಯವೂ ಬೆಂಗಳೂರು ಪಾಲಿಕೆಯಲ್ಲಿ ತೆರಿಗೆ ಮತ್ತು ಆರ್ಥಿಕ ಸ್ಥಾಯಿ ಸಮಿತಿ ಅಧ್ಯಕ್ಷರದಾಗಿತ್ತು. ದಾವಣಗೆರೆಯ ಯಾವ ಸಾಮಾನ್ಯ ಸಭೆಯಲ್ಲಾದರೂ ಅರ್ಧ ಗಂಟೆ ಕೂತರೆ ಯಂತ್ರ ಹೇಗೆ ನಡೆಯುತ್ತದೆಂದು ಗೊತ್ತಾಗುತ್ತದೆ.

ಸದಸ್ಯರೊಬ್ಬರು ಎದ್ದು, ‘ಮಾನ್ಯ ಮಹಾಪೌರರೆ, ನಮ್ಮ ವಾರ್ಡಿಗೆ ನೀರು ಬಿಟ್ಟು ಒಂಬತ್ತು ದಿನ ಆಯ್ತು’ ಅನ್ನುತ್ತಾರೆ.

ಮಹಾಪೌರರು ಗಂಟೆ ಬಾರಿಸಿ, ‘ಕೂತ್ಕಳಿ, ಆಯುಕ್ತರು ಉತ್ತರ ಕೊಡ್ತಾರೆ’ ಅನ್ನುತ್ತಾರೆ.

ಆಯುಕ್ತರು ಪಕ್ಕದ ಎಂಜಿನಿಯರ್ ಕಡೆ ತಿರುಗುತ್ತಾರೆ. ಎಂಜಿನಿಯರ್ ಹಿಂದಿನ ಸಾಲಿನ ಕಡೆ ತಿರುಗುತ್ತಾರೆ. ಹಿಂದಿನ ಸಾಲಿನವರು ಫೈಲ್ ತಿರುವುತ್ತಾರೆ. ಅಷ್ಟರಲ್ಲಿ ವಿರೋಧ ಪಕ್ಷದವರೊಬ್ಬರು ತಂದಿದ್ದ ಖಾಲಿ ಕೊಡವನ್ನು ಎತ್ತಿ ಹಿಡಿಯುತ್ತಾರೆ, ಫೋಟೊಗ್ರಾಫರ್‌ಗಳು ಮೇಲೇಳುತ್ತಾರೆ, ಮರುದಿನ ಪತ್ರಿಕೆಯಲ್ಲಿ ಕೊಡ ಬರುತ್ತದೆ. ನೀರು ಬರುವುದಿಲ್ಲ.

‘ಏನಣ್ಣಾ, ಮೇಯರ್ ಆಗಿ ಒಂದು ಪೈಪ್ ಹಾಕ್ಸಕ್ಕಾಗಲ್ವಾ?’ ಅಂತ ವಾರ್ಡಿನವರು ಕೇಳುತ್ತಾರೆ. ಇದಕ್ಕೆ ಸಿದ್ಧ ಉತ್ತರ: ‘ಫೈಲು ಮುಂದಕ್ಕೆ ಹೋಗೈತಿ ಕಣಪ್ಪಾ.’ ಇದು ಸುಳ್ಳಲ್ಲ. ಫೈಲು ಯಾವಾಗಲೂ ಮುಂದಕ್ಕೇ ಹೋಗುತ್ತದೆ.

ಲಂಡನ್ನಿನವರು, ನ್ಯೂಯಾರ್ಕಿನವರು ನಾಲ್ಕು ವರ್ಷಕ್ಕೊಮ್ಮೆ ಮೇಯರನ್ನು ತಾವೇ ನೇರ ಆರಿಸುತ್ತಾರೆ, ಬೈಯುವುದಿದ್ದರೂ ಅವರನ್ನೇ ಬೈಯುತ್ತಾರೆ. ನಮ್ಮಲ್ಲಿ ಬೈಯಿಸಿಕೊಳ್ಳುವುದು ಮೇಯರ್ ಕೆಲಸ, ಮಾಡುವುದು ಬೇರೆಯವರ ಕೆಲಸ. ಮೇಯರ್‌ಗೆ ಮೊದಲ ಮೂರು ತಿಂಗಳು ಸನ್ಮಾನ, ನಡುವಿನ ಆರು ತಿಂಗಳು ಊರಿನ ಪರಿಚಯ, ಕೊನೆಯ ಮೂರು ತಿಂಗಳು ಮುಂದಿನವರ ಲಾಬಿ. ಇದರಲ್ಲಿ ಚರಂಡಿಗೆ ಸಮಯ ಎಲ್ಲಿದೆ? ಒಂದು ಯುಜಿಡಿ ಕಾಮಗಾರಿಯ ಟೆಂಡರ್ ಪ್ರಕ್ರಿಯೆಗಿಂತ ಮೇಯರ್ ಅವಧಿ ಚಿಕ್ಕದು. ಇಷ್ಟು ಓದಿದ ಜಾಣ ಮಕ್ಕಳು ಈಗಾಗಲೇ ಐಎಎಸ್ ಕೋಚಿಂಗ್ ವಿಚಾರಿಸುತ್ತಿರುತ್ತಾರೆ.

ವಿವಾದ ಮಾಡುವ ಬಗೆ

ಕೆಲಸದಿಂದ ಹೆಸರು ಬರುವ ಹಾಗಿಲ್ಲವಾದ್ದರಿಂದ ಬೇರೆ ದಾರಿ ಹಿಡಿಯಬೇಕು. ಕರ್ನಾಟಕದ ಯಾವ ಮೇಯರ್ ಹೆಸರು ನಿಮಗೆ ನೆನಪಿದೆಯೋ ಯೋಚಿಸಿ. ರಸ್ತೆ ಮಾಡಿಸಿದವರದೋ, ರಾದ್ಧಾಂತ ಮಾಡಿದವರದೋ?

ಅತ್ಯಂತ ದುಬಾರಿ ವಿಧಾನ ಬೆಳಗಾವಿಯದು. 2005ರಲ್ಲಿ ಅಲ್ಲಿನ ಮೇಯರ್ ವಿಜಯ ಮೋರೆ. ಅವರ ಕಾಲದಲ್ಲಿ ಪಾಲಿಕೆ ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು ನಿರ್ಣಯ ಮಾಡಿತು. ರಾಜ್ಯದ ಹಣದಲ್ಲಿ ನಡೆಯುವ ಪಾಲಿಕೆ, ರಾಜ್ಯದಿಂದಲೇ ಹೊರಗೆ ಹೋಗುತ್ತೇನೆ ಅಂದಿತು. ನವೆಂಬರ್‌ನಲ್ಲಿ ಮೋರೆ ಬೆಂಗಳೂರಿಗೆ ಬಂದಾಗ ಕರ್ನಾಟಕ ರಕ್ಷಣಾ ವೇದಿಕೆಯ ಕಾರ್ಯಕರ್ತರು ಮುಖಕ್ಕೆ ಮಸಿ ಬಳಿದರು. ಸರ್ಕಾರ ಪಾಲಿಕೆಯನ್ನೇ ವಜಾ ಮಾಡಿತು. ನಿರ್ಣಯ ತಪ್ಪು, ಮಸಿಯೂ ತಪ್ಪು ಅನ್ನುವುದು ನನ್ನ ಅಭಿಪ್ರಾಯ. ಆದರೆ ನೋಡಿ, ಆಮೇಲೆ ಬೆಳಗಾವಿಯ ಎಷ್ಟು ಮೇಯರ್‌ಗಳು ಬಂದುಹೋದರು, ಹೊನ್ನಾಳಿಯ ಹೋಟೆಲಿನಲ್ಲಿ ಇವತ್ತಿಗೂ ಹೆಸರು ಹೇಳಲು ಬರುವುದು ಮೋರೆಯವರದೊಂದೇ. 2011ರಲ್ಲೂ ಅದೇ ಪಾಠ: ಮೇಯರ್ ಮಂದಾ ಬಾಳೇಕುಂದ್ರಿ ರಾಜ್ಯೋತ್ಸವದ ದಿನ ಕರಾಳ ದಿನಾಚರಣೆಗೆ ಹೋದರು, ವರ್ಷ ಮುಗಿಯುವುದರೊಳಗೆ ಪಾಲಿಕೆ ಮತ್ತೆ ವಜಾ. ಮೇಯರ್‌ಗೆ ಒಂದು ನಲ್ಲಿ ಹಾಕಿಸುವ ಅಧಿಕಾರವಿಲ್ಲದಿದ್ದರೂ ಇಡೀ ಪಾಲಿಕೆಯನ್ನು ಮನೆಗೆ ಕಳಿಸುವ ಸಾಮರ್ಥ್ಯ ಇದ್ದೇ ಇದೆ ಎಂದು ಆಗ ತಿಳಿಯಿತು.

ಖರ್ಚಿಲ್ಲದ ವಿಧಾನವೂ ಇದೆ. ಮಂಗಳೂರಿನ ಕವಿತಾ ಸನಿಲ್ ಕರಾಟೆ ಚಾಂಪಿಯನ್. 2017ರಲ್ಲಿ ಮೇಯರ್ ಆಗಿದ್ದಾಗ ಮಸಾಜ್ ಪಾರ್ಲರ್‌ಗೆ ತಾವೇ ದಾಳಿಗೆ ಹೋಗಿ ಸುದ್ದಿಯಾದರು. ಹೊಡೆತ ಬರುವವರು ಇದನ್ನು ಪ್ರಯತ್ನಿಸಬಹುದು.

ತೀರಾ ಅಗ್ಗದ್ದು ಐನೂರು ರೂಪಾಯಿಯದು. 2019ರ ಜುಲೈ ಕೊನೆಗೆ ಯಡಿಯೂರಪ್ಪ ಮುಖ್ಯಮಂತ್ರಿಯಾದರು. ಬೆಂಗಳೂರು ಮೇಯರ್ ಗಂಗಾಂಬಿಕೆ ಮಲ್ಲಿಕಾರ್ಜುನ್ ಅಭಿನಂದಿಸಲು ಹೋದರು. ಕೈಯಲ್ಲಿ ಒಣಹಣ್ಣಿನ ಬುಟ್ಟಿ. ಬುಟ್ಟಿಗೆ ಸುತ್ತಿದ್ದು ಮಿರಿಮಿರಿ ಮಿಂಚುವ ಪ್ಲಾಸ್ಟಿಕ್ ಹಾಳೆ. ಬೀದಿಬದಿ ಹೂವಿನವಳ ಕೈಯಿಂದ ಪ್ಲಾಸ್ಟಿಕ್ ಚೀಲ ಕಿತ್ತುಕೊಂಡು ದಂಡ ಹಾಕುತ್ತಿದ್ದ ಪಾಲಿಕೆಯ ಮೊದಲ ಪ್ರಜೆ ಅವರು. ಫೋಟೊ ಓಡಾಡಿತು, ಜನ ಪ್ರಶ್ನೆ ಎತ್ತಿದರು. ಮೇಯರ್ ಐನೂರು ರೂಪಾಯಿ ದಂಡ ಕಟ್ಟಿ ರಸೀದಿ ಪಡೆದರು. ‘ನನ್ನ ಪಿ.ಎ. ತಂದಿದ್ದು, ನಾನು ನೋಡಲಿಲ್ಲ’ ಅಂದು ಕೈತೊಳೆದುಕೊಳ್ಳಲಿಲ್ಲ. ನಮ್ಮ ಮೇಯರ್‌ಗಳ ಚರಿತ್ರೆಯಲ್ಲಿ ನನಗೆ ತೀರಾ ಇಷ್ಟವಾದ ಘಟನೆ ಇದು. ತನ್ನ ಕಾನೂನು ತನಗೂ ಅನ್ವಯಿಸುತ್ತದೆ ಎಂದು ಒಬ್ಬ ಮೇಯರ್ ಹಣ ಕೊಟ್ಟು ಒಪ್ಪಿಕೊಂಡ ಉದಾಹರಣೆ ಸಿಗುವುದು ಕಷ್ಟ. ಅಂಥದ್ದನ್ನೂ ನಾವು ವಿವಾದದ ಖಾತೆಗೇ ಬರೆದಿದ್ದೇವೆ.

ತಮಾಷೆಗೆ ನಿಲುಕದ ವಿವಾದವೂ ಉಂಟು. 2017ರಿಂದ 18ರವರೆಗೆ ಬೆಂಗಳೂರು ಮೇಯರ್ ಆಗಿದ್ದ ಆರ್. ಸಂಪತ್‌ರಾಜ್ 2020ರ ಆಗಸ್ಟ್‌ನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಗಲಭೆ ಪ್ರಕರಣದಲ್ಲಿ ಆರೋಪಿಯಾಗಿ ಅದೇ ವರ್ಷ ನವೆಂಬರ್‌ನಲ್ಲಿ ಬಂಧನಕ್ಕೊಳಗಾದರು. ಆ ಗಲಭೆಯಲ್ಲಿ ಸುಟ್ಟಿದ್ದು ಅವರದೇ ಪಕ್ಷದ ಶಾಸಕರ ಮನೆ. ಆರೋಪದ ಸತ್ಯಾಸತ್ಯ ಕೋರ್ಟ್ ಹೇಳಬೇಕಾದ್ದು. ಈ ಕೈಪಿಡಿ ಅಲ್ಲಿಗೆ ಹೋಗುವುದಿಲ್ಲ.

ಖಾತರಿ ಮುಗಿದ ಮೇಲೆ

ಹದಿಮೂರನೇ ತಿಂಗಳಿಂದ ನೀವು ‘ಮಾಜಿ ಮೇಯರ್’. ಈ ಬಿರುದು ಸಾಯುವವರೆಗೂ ಇರುತ್ತದೆ, ಲಗ್ನಪತ್ರಿಕೆಯಲ್ಲಿ ಹಾಕಿಸಬಹುದು. ಬಹಳ ಜನ ಇದನ್ನು ವಿಧಾನಸಭೆಯ ಮೆಟ್ಟಿಲು ಎಂದು ತಿಳಿದು ಕಾಲಿಡುತ್ತಾರೆ. ಬೆಂಗಳೂರಿನಲ್ಲಿ 2016ರಲ್ಲಿ ಮೇಯರ್ ಆದ ಜಿ. ಪದ್ಮಾವತಿ 2018ರಲ್ಲಿ ರಾಜಾಜಿನಗರದಿಂದ ನಿಂತು ಸೋತರು. ಸಂಪತ್‌ರಾಜ್ ಅದೇ ವರ್ಷ, ಮೇಯರ್ ಆಗಿರುವಾಗಲೇ, ಸಿ.ವಿ. ರಾಮನ್ ನಗರದಿಂದ ಸೋತರು. ನಮ್ಮ ದಾವಣಗೆರೆಯ ಅಜಯ್‌ಕುಮಾರ್ 2023ರಲ್ಲಿ ದಾವಣಗೆರೆ ದಕ್ಷಿಣದಲ್ಲಿ ಶಾಮನೂರು ಶಿವಶಂಕರಪ್ಪನವರ ಎದುರು ನಿಂತು ಸೋತರು. ಶಾಮನೂರರ ಎದುರು ಯಾರು ನಿಂತಿದ್ದರೂ ಸೋಲುತ್ತಿದ್ದರು ಅನ್ನುವವರಿದ್ದಾರೆ, ಅದೂ ಸರಿಯೇ. ಮೈಸೂರಿನ ಮಾಜಿ ಮೇಯರ್ ವಾಸು 2013ರಲ್ಲಿ ಚಾಮರಾಜ ಕ್ಷೇತ್ರ ಗೆದ್ದಿದ್ದು ಅಪವಾದ; ಅವರೂ 2018ರಲ್ಲಿ ಸೋತರು. ಶಾಸಕರಿಗೆ ಮೇಯರ್ ಕುರ್ಚಿ ಒಂದು ವರ್ಷಕ್ಕೊಬ್ಬರನ್ನು ಸಮಾಧಾನ ಮಾಡುವ ಉಪಾಯ. ಐದು ವರ್ಷಕ್ಕೆ ಐದು ಜನ, ಐದು ಜಾತಿ, ಐದು ಸನ್ಮಾನ. ಯಾರೂ ತಮ್ಮ ಎದುರಾಳಿಯಾಗಿ ಬೆಳೆಯುವಷ್ಟು ದಿನ ಕೂರುವುದಿಲ್ಲ. ಹನ್ನೆರಡು ತಿಂಗಳ ಅವಧಿ ಕಾಯ್ದೆಯ ತಪ್ಪಿನಿಂದ ಆಗಿದೆ ಅಂದುಕೊಂಡವರು ಇನ್ನೊಮ್ಮೆ ಯೋಚಿಸಬೇಕು.

ದೋಷ ಪರಿಹಾರ

ಕುರ್ಚಿ ಅಲುಗಾಡುತ್ತಿದ್ದರೆ: ಸಹಜ, ರಿಪೇರಿ ಇಲ್ಲ.

ಕುರ್ಚಿಯೇ ಇಲ್ಲದಿದ್ದರೆ: ಇದೇ ಈಗಿನ ದೊಡ್ಡ ದೂರು. ಮೈಸೂರು, ಶಿವಮೊಗ್ಗ, ತುಮಕೂರು ಪಾಲಿಕೆಗಳಲ್ಲಿ 2018ರಲ್ಲಿ ಆಯ್ಕೆಯಾದವರ ಅವಧಿ 2023ರ ಕೊನೆ, 2024ರ ಮೊದಲ ಭಾಗದಲ್ಲಿ ಮುಗಿದು ಆಡಳಿತಾಧಿಕಾರಿಗಳು ಬಂದರು. ದಾವಣಗೆರೆಯ 45 ಸದಸ್ಯರ ಅವಧಿ 2025ರ ಫೆಬ್ರುವರಿಯಲ್ಲಿ ಮುಗಿಯಿತು. ಬೆಂಗಳೂರಿನಲ್ಲಿ ಕೊನೆಯ ಮೇಯರ್ ಎಂ. ಗೌತಮ್ ಕುಮಾರ್. 2019ರ ಅಕ್ಟೋಬರ್ 1ರಂದು 129 ಮತ ಪಡೆದು ಗೆದ್ದರು, 2020ರ ಸೆಪ್ಟೆಂಬರ್ 10ಕ್ಕೆ ಪಾಲಿಕೆಯ ಅವಧಿಯೇ ತೀರಿತು. ಅದೇ ವರ್ಷ ಬೆಂಗಳೂರಿಗೆಂದು ಹೊಸ ಕಾಯ್ದೆ ಮಾಡಿ ಮೇಯರ್ ಅವಧಿಯನ್ನು ಮೂವತ್ತು ತಿಂಗಳಿಗೆ ಏರಿಸಿದರು. ಕೊನೆಗೂ ರಾಜಧಾನಿಯ ಮೇಯರ್ ನಮ್ಮ ಜಗಳೂರು ಪಟ್ಟಣ ಪಂಚಾಯಿತಿ ಅಧ್ಯಕ್ಷರ ಮಟ್ಟಕ್ಕೆ ಏರಿದರು! ಆದರೆ ಅವಧಿ ಹೆಚ್ಚಿಸಿದ ಮೇಲೆ ಚುನಾವಣೆಯನ್ನೇ ನಡೆಸಲಿಲ್ಲ. ಆ ಕಾಯ್ದೆಯಡಿ ಒಬ್ಬನೇ ಒಬ್ಬ ಮೇಯರ್ ಮೂವತ್ತು ತಿಂಗಳಿರಲಿ, ಮೂವತ್ತು ನಿಮಿಷವೂ ಕೂರಲಿಲ್ಲ. ವಾರ್ಡ್ ಮರುವಿಂಗಡಣೆ, ಮೀಸಲಾತಿ, ಕೋರ್ಟು ಅನ್ನುತ್ತಾ ಬಿಜೆಪಿ ಸರ್ಕಾರವೂ ಹೋಯಿತು, ಕಾಂಗ್ರೆಸ್ ಸರ್ಕಾರವೂ ಬಂತು. ಆಮೇಲೆ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದು ಒಂದು ಪಾಲಿಕೆ ಐದಾಯಿತು. ಅವುಗಳ ಮೇಲೆ ಕೂರುವ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಐದು ಮೇಯರ್‌ಗಳಿಗೂ ಮೇಲೊಬ್ಬ ಮೇಯರ್ ಅನ್ನಿ.

ಆದ್ದರಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಉಮೇದುವಾರರೆ, ದಾವಣಗೆರೆಯ ಬಾಡಿಗೆ ಮನೆಗೆ ಮುಂಗಡ ಕೊಡುವ ಮುಂಚೆ ನಿಮ್ಮದೇ ಊರಿನ ಪಟ್ಟಣ ಪಂಚಾಯಿತಿಗೋ ಪುರಸಭೆಗೋ ಒಮ್ಮೆ ಹೋಗಿ ಕುರ್ಚಿಯಲ್ಲಿ ಯಾರಿದ್ದಾರೆ ನೋಡಿ ಬನ್ನಿ. ಬೆಂಗಳೂರಿನಲ್ಲಿ ಐದು ಹೊಸ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿದ್ದು 2025ರ ಸೆಪ್ಟೆಂಬರ್ 2ರಂದು. ಆ ದಿನಕ್ಕೆ ಆ ನಗರ ಮೇಯರ್ ಇಲ್ಲದೆ ಐದು ವರ್ಷ ಪೂರೈಸಲು ಎಂಟೇ ದಿನ ಬಾಕಿ ಇತ್ತು.